ವಾಯುಮಂಡಲದ ಲೆಕ್ಕವೂ ಹಳ್ಳಿಯ ಲೆಕ್ಕವೂ

(ವ್ಯವಸಾಯ ಇನ್‌ಸ್ಪೆಕ್ಟರವರೊಬ್ಬರಿಂದ)

ತನ್ನ ಜಮಾಖರ್ಚನ್ನು ತಾನು ಬರೆದಿಡದ ರೈತನ ಲೆಕ್ಕವನ್ನು ಸಾಲ ಕೊಟ್ಟ ಸಾಹುಕಾರನು ಬರೆಯುತ್ತಾನೆ. ಸಾಹುಕಾರನು ಎಷ್ಟೇ ಧರ್ಮಿಷ್ಠನಾಗಿದ್ದಾಗ್ಯೂ ಅವನ ವಹಿಯಲ್ಲಿ ಬರೆದದ್ದೇ ಕೊನೆಗೆ ಸಾಕ್ಷ್ಯವಾಗಿ ನಿಲ್ಲುವುದಲ್ಲದೆ ರೈತನ ಬಾಯಿಮಾತು ನಿಲ್ಲುವುದಿಲ್ಲ. ಒಂದು ಮನೆತನಕ್ಕೆ ಸಲ್ಲುವ ಈ ಮಾತು ಒಂದು ದೇಶಕ್ಕೂ ಸಲ್ಲುತ್ತದೆಂಬುದನ್ನು ಮೂವತ್ತು ವರ್ಷಗಳಿಗೂ ಹಿಂದೆ ನಮ್ಮ ದೇಶವು ಭತ್ತದ ಗದ್ದೆಗಳ ವಿಷಯದಲ್ಲಿಯೇ ಕಂಡುಕೊಳ್ಳಬೇಕಾಯಿತು. ಆ ಸಂಗತಿಯನ್ನೂ, ಅದಕ್ಕೂ ನಮ್ಮ ಹಳ್ಳಿಗಳ ರಾಸುಗಣತಿ, ಬೆಳೆ ಸಮೀಕ್ಷೆ, ಮಳೆಯ ಅಳತೆ ಇವುಗಳಿಗೂ ಇರುವ ಸಂಬಂಧವನ್ನೂ ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಹಸಿರುಮನೆ ಅನಿಲಗಳೆಂದರೇನು?

ಸೂರ್ಯನ ಬಿಸಿಲಿನಿಂದ ಕಾದ ಭೂಮಿಯು ರಾತ್ರಿಯೂ ಹಗಲೂ ತನ್ನ ಶಾಖವನ್ನು ಆಕಾಶದ ಕಡೆಗೆ ಹೊರಬಿಡುತ್ತಿರುತ್ತದೆ. ಗಾಳಿಯಲ್ಲಿರುವ ಕೆಲವು ಅನಿಲಗಳು ಈ ಶಾಖದ ಒಂದು ಭಾಗವನ್ನು ತಡೆದು ಇಟ್ಟುಕೊಳ್ಳುತ್ತವೆ. ಛಳಿಗಾಲದಲ್ಲಿ ಹೊದ್ದ ಕಂಬಳಿಯು ಮೈಶಾಖವನ್ನು ಹೇಗೆ ಉಳಿಸುವುದೋ ಹಾಗೆಯೇ ಇವೂ ಭೂಮಿಯ ಶಾಖವನ್ನು ಉಳಿಸುತ್ತವೆ. ಈ ಕಂಬಳಿಯೇ ಇಲ್ಲದಿದ್ದರೆ ಭೂಮಿಯ ಮೇಲೆ ಪೈರು ಪಚ್ಚೆಗಳು ಬದುಕುವಂತಿರಲಿಲ್ಲ. ಆದರೆ ಕಂಬಳಿಯ ಮೇಲೆ ಕಂಬಳಿಯನ್ನು ಹೊದಿಸುತ್ತ ಹೋದರೆ ಶಾಖವು ಮಿತಿಮೀರುವುದಷ್ಟೆ. ಈಗ ಆಗುತ್ತಿರುವುದು ಇದೇ.

ಇವುಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು, ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಕಟ್ಟಿಗೆ ಮುಂತಾದವು ಉರಿದಾಗ ಹುಟ್ಟುವ ಇಂಗಾಲಾಮ್ಲವಾಯು; ಇದನ್ನೇ ವೃತ್ತಪತ್ರಿಕೆಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಎಂದು ಬರೆಯುವರು. ಎರಡನೆಯದು ಮೀಥೇನ್. ಗೋಬರ್ ಗ್ಯಾಸಿನ ಒಲೆಯಲ್ಲಿ ನೀಲಿಯಾಗಿ ಉರಿಯುವ ಅನಿಲದಲ್ಲಿ ಹೆಚ್ಚು ಪಾಲು ಇದೇ. ನೀರು ನಿಂತ ಗದ್ದೆಯ ಕೆಸರಿನಲ್ಲಿಯೂ, ಮೆಲುಕು ಹಾಕುವ ರಾಸುಗಳ ಹೊಟ್ಟೆಯಲ್ಲಿಯೂ ಗಾಳಿ ಸೋಕದೆ ಕೆಲಸ ಮಾಡುವ ಸೂಕ್ಷ್ಮಜೀವಿಗಳಿಂದ ಇದು ಉತ್ಪತ್ತಿಯಾಗುತ್ತದೆ. ಮೂರನೆಯದು, ಭೂಮಿಗೆ ಹಾಕಿದ ಸಾರಜನಕದ ಗೊಬ್ಬರದಲ್ಲಿ ಒಂದು ಅಲ್ಪಭಾಗವು ಮಾರ್ಪಟ್ಟು ಹೊರಬೀಳುವ ನೈಟ್ರಸ್ ಆಕ್ಸೈಡ್. ನೂರು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಒಂದು ಸೇರು ಮೀಥೇನು 28 ಸೇರು ಇಂಗಾಲಾಮ್ಲವಾಯುವಿಗೂ, ಒಂದು ಸೇರು ನೈಟ್ರಸ್ ಆಕ್ಸೈಡು 265 ಸೇರಿಗೂ ಸಮನೆಂದು ಈಗ ರಾಷ್ಟ್ರಗಳ ಲೆಕ್ಕದಲ್ಲಿ ಅಂಗೀಕರಿಸಿರುತ್ತಾರೆ.

ಹವಾಯ್ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ನೇ ಇಸವಿಯಲ್ಲಿ ಅಳತೆಯನ್ನು ಆರಂಭಿಸಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲಾಮ್ಲವಾಯುವು ಸುಮಾರು 315 ಭಾಗದಷ್ಟಿತ್ತು. 2024ರಲ್ಲಿ ಅದು 420 ಭಾಗವನ್ನು ಮೀರಿತ್ತು. ಮಳೆಯ ಕಾಲವು ಹಿಂದುಮುಂದಾಗುವುದಕ್ಕೂ, ಬಿಸಿಲ ಬೇಗೆಯು ಹೆಚ್ಚುವುದಕ್ಕೂ ಈ ಏರಿಕೆಯು ಕಾರಣವಾಗುತ್ತಿರುವುದರಿಂದ, ಯಾವ ದೇಶವು ಎಷ್ಟು ಹೊರಬಿಡುತ್ತಿದೆಯೆಂಬ ಲೆಕ್ಕವನ್ನು ಇಡುವುದು ಎಲ್ಲಾ ದೇಶಗಳಿಗೂ ಅವಶ್ಯವಾಯಿತು. 1992ರಲ್ಲಿ ಏರ್ಪಟ್ಟ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯ ಪ್ರಕಾರವೂ, 2015ರ ಪ್ಯಾರಿಸ್ ಒಪ್ಪಂದದ ಪ್ರಕಾರವೂ ಪ್ರತಿ ದೇಶವೂ ತನ್ನ ತಖ್ತೆಯನ್ನು ಸಿದ್ಧಪಡಿಸಿ ಒಪ್ಪಿಸತಕ್ಕದ್ದಾಗಿದೆ.

ಪರರು ಬರೆದ ಲೆಕ್ಕದ ಫಲ

ಈಗ ಮೇಲೆ ಸೂಚಿಸಿದ ಭತ್ತದ ಗದ್ದೆಯ ಸಂಗತಿಗೆ ಬರೋಣ. 1990ರ ಸುಮಾರಿಗೆ ಅಮೆರಿಕಾ ದೇಶದ ಪರಿಸರ ಸಂರಕ್ಷಣಾ ಇಲಾಖೆಯವರು ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ನುಗಳಷ್ಟು ಮೀಥೇನು ಹೊರಬೀಳುತ್ತದೆಂದು ಅಂದಾಜು ಮಾಡಿದರು. ಈ ಅಂದಾಜಿಗೆ ಆಧಾರವಾಗಿದ್ದುದು ನಮ್ಮ ಗದ್ದೆಗಳಲ್ಲಿ ಮಾಡಿದ ಅಳತೆಯಲ್ಲ. ಯೂರೋಪು ಮತ್ತು ಅಮೆರಿಕಾ ಖಂಡಗಳ ಗದ್ದೆಗಳಲ್ಲಿ ದೊರೆತ ಅಂಕಿಗಳನ್ನೇ ನಮ್ಮ ವಿಸ್ತೀರ್ಣದಿಂದ ಗುಣಿಸಿಬಿಟ್ಟಿದ್ದರು. ಜಗತ್ತಿನ ಶಾಖ ಹೆಚ್ಚುವುದರಲ್ಲಿ ಭಾರತದ ಬಡ ರೈತನೂ ಒಬ್ಬ ದೊಡ್ಡ ಅಪರಾಧಿಯೆಂಬ ಅಭಿಪ್ರಾಯ ಹುಟ್ಟುವುದಕ್ಕೆ ಇಷ್ಟೇ ಸಾಕಾಗಿತ್ತು.

ಇದಕ್ಕೆ ಬಾಯಿಮಾತಿನ ಉತ್ತರವನ್ನು ಕೊಟ್ಟಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಡಾಕ್ಟರ್ ಎ. ಪಿ. ಮಿತ್ರ ಅವರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ನಾನಾ ಭಾಗಗಳ ಗದ್ದೆಗಳಿಗೆ ಹೋಗಿ, ಪೈರಿನ ಮೇಲೆ ಪೆಟ್ಟಿಗೆಗಳನ್ನು ಕವಿಚಿಟ್ಟು, ಅವುಗಳಲ್ಲಿ ಕೂಡಿದ ಗಾಳಿಯನ್ನು ತೆಗೆದು ಪರೀಕ್ಷಿಸಿದರು. ಸದಾ ನೀರು ನಿಲ್ಲುವ ಗದ್ದೆ, ನಡುನಡುವೆ ಒಣಗುವ ಗದ್ದೆ, ಮಳೆಯನ್ನೇ ನಂಬಿದ ಗದ್ದೆ ಇವುಗಳನ್ನು ಬೇರೆಬೇರೆಯಾಗಿ ಅಳೆದರು. ಬಂದ ಮೊತ್ತವು ವರ್ಷಕ್ಕೆ ಸುಮಾರು 40 ಲಕ್ಷ ಟನ್ನುಗಳು ಮಾತ್ರ. ಎಂದರೆ, ಪರರು ಬರೆದ ಅಂಕಿಯು ನಿಜಕ್ಕಿಂತ ಒಂಬತ್ತು ಪಾಲು ಹೆಚ್ಚಾಗಿತ್ತು! ಅಂದಿನಿಂದ ಈಚೆಗೆ ಭಾರತದ ಭತ್ತದ ಲೆಕ್ಕವು ಭಾರತದ ಅಳತೆಯ ಮೇಲೆಯೇ ನಿಂತಿರುತ್ತದೆ.

ಲೆಕ್ಕ ಕಟ್ಟುವ ಕ್ರಮ

ಲೆಕ್ಕವನ್ನು ಕಟ್ಟುವ ಕ್ರಮವು ಕಷ್ಟವಾದದ್ದೇನೂ ಅಲ್ಲ. ಎಲ್ಲಾ ಬಾಬುಗಳಲ್ಲಿಯೂ ಎರಡು ಅಂಕಿಗಳಿರುತ್ತವೆ. ಒಂದು, ಎಷ್ಟು ಎಂಬುದು: ಎಷ್ಟು ಎಕರೆ ಗದ್ದೆ, ಎಷ್ಟು ರಾಸು, ಎಷ್ಟು ಮೂಟೆ ಗೊಬ್ಬರ. ಇನ್ನೊಂದು, ಒಂದೊಂದಕ್ಕೆ ಎಷ್ಟೆಷ್ಟು ಅನಿಲವೆಂಬ ದರ. ಮೊದಲನೆಯದನ್ನು ಎರಡನೆಯದರಿಂದ ಗುಣಿಸಿದರೆ ಮೊತ್ತವು ಬರುತ್ತದೆ. ದರವನ್ನು ಗೊತ್ತುಮಾಡುವುದು ಪ್ರಯೋಗಶಾಲೆಯವರ ಕೆಲಸ. ಎಷ್ಟು ಎಂಬುದನ್ನು ಹೇಳುವುದು ಹಳ್ಳಿಯ ಕೆಲಸ. ಎರಡರಲ್ಲಿ ಯಾವುದು ಸುಳ್ಳಾದರೂ ಗುಣಲಬ್ಧವು ಸುಳ್ಳಾಗುವುದು. ಮೂರು ಉದಾಹರಣೆಗಳಿಂದ ಇದು ಸ್ಪಷ್ಟವಾಗುವುದು.

ಭತ್ತ.— ಭಾರತ ಸರ್ಕಾರದ ಪರಿಸರ ಮಂತ್ರಾಲಯದವರು 2007ನೇ ಸಾಲಿಗೆ ಸಂಬಂಧಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೀರಾವರಿಯ ಗದ್ದೆಯಲ್ಲಿ ಬೆಳೆಯ ಕಾಲವೆಲ್ಲ ನೀರು ನಿಂತೇ ಇದ್ದರೆ ಒಂದು ಹೆಕ್ಟೇರಿಗೆ (ಸುಮಾರು ಎರಡೂವರೆ ಎಕರೆಗೆ) 162 ಕಿಲೋಗ್ರಾಂ ಮೀಥೇನೆಂದೂ, ನಡುವೆ ಒಂದು ಸಲ ನೀರು ಬಸಿದು ಗದ್ದೆಯು ಒಣಗಿದರೆ 66 ಕಿಲೋಗ್ರಾಮೆಂದೂ, ಹಲವು ಸಲ ಒಣಗಿದರೆ 18 ಕಿಲೋಗ್ರಾಮೆಂದೂ ದರಗಳನ್ನು ತೆಗೆದುಕೊಂಡಿರುತ್ತಾರೆ. ಗಾಳಿಯು ಮಣ್ಣಿನೊಳಕ್ಕೆ ಹೊಕ್ಕೊಡನೆ ಮೀಥೇನನ್ನು ಹುಟ್ಟಿಸುವ ಜೀವಿಗಳ ಕೆಲಸವು ನಿಲ್ಲುವುದೇ ಈ ವ್ಯತ್ಯಾಸಕ್ಕೆ ಕಾರಣ. ನಿಮ್ಮ ಗ್ರಾಮದಲ್ಲಿ 250 ಎಕರೆ, ಎಂದರೆ ಸುಮಾರು 100 ಹೆಕ್ಟೇರು ತರಿ ಜಮೀನು ಇದೆಯೆಂದು ಇಟ್ಟುಕೊಳ್ಳಿ. ಮೊದಲನೆಯ ದರದಲ್ಲಿ 16,200 ಕಿಲೋಗ್ರಾಂ, ಎರಡನೆಯದರಲ್ಲಿ 6,600, ಮೂರನೆಯದರಲ್ಲಿ 1,800 ಕಿಲೋಗ್ರಾಂ ಆಗುತ್ತದೆ. ಎಕರೆಯ ಸಂಖ್ಯೆಯು ಮೂರರಲ್ಲಿಯೂ ಒಂದೇ. ಬೇರೆಯಾದದ್ದು ನೀರಿನ ರೀತಿ ಮಾತ್ರ. ನಾಲೆಯಲ್ಲಿ ಕಟ್ಟು ಪದ್ಧತಿಯ ಮೇಲೆ ನೀರು ಬಿಟ್ಟ ವರ್ಷ ನಡುನಡುವೆ ಒಣಗಿದ ಗದ್ದೆಯನ್ನು "ನೀರಾವರಿ ಭತ್ತ" ಎಂದು ಮಾತ್ರ ಬರೆದುಬಿಟ್ಟರೆ ಲೆಕ್ಕದ ಸಾರವೇ ತಪ್ಪಿಹೋಗುವುದು.

ರಾಸು.— ಅಂತರರಾಷ್ಟ್ರೀಯ ಕ್ರಮಪುಸ್ತಕದ 2006ರ ಆವೃತ್ತಿಯಲ್ಲಿ, ಸ್ವಂತ ಅಳತೆಯಿಲ್ಲದವರು ಉಪಯೋಗಿಸಲೆಂದು ಭಾರತ ಉಪಖಂಡದ ಕರೆಯುವ ಹಸುವೊಂದಕ್ಕೆ ವರ್ಷಕ್ಕೆ 58 ಕಿಲೋಗ್ರಾಂ ಮೀಥೇನೆಂದು ದರವನ್ನು ಕೊಟ್ಟಿದೆ. ನಮ್ಮ ದೇಶದವರು ತಮ್ಮ ರಾಸುಗಳ ಮೈತೂಕ, ಮೇವು, ಹಾಲು ಇವುಗಳನ್ನು ಪರೀಕ್ಷಿಸಿ ನಾಟಿ ಹಸುವಿಗೆ 28 ಕಿಲೋಗ್ರಾಮೆಂದೂ, ಸೀಮೆಹಸುವಿನ ಮಿಶ್ರತಳಿಗೆ 43 ಎಂದೂ, ಕರೆಯುವ ಎಮ್ಮೆಗೆ 50 ಎಂದೂ ಗೊತ್ತುಮಾಡಿದರು. ನೂರು ನಾಟಿ ಹಸುಗಳ ಹಳ್ಳಿಗೆ ಒಂದು ದರದಲ್ಲಿ 5,800, ಮತ್ತೊಂದರಲ್ಲಿ 2,800 ಕಿಲೋಗ್ರಾಂ ಆಗುವುದು. ಆದರೆ ಗಣತಿದಾರರಿಗೆ ನಾಟಿ ಯಾವುದು, ಮಿಶ್ರತಳಿ ಯಾವುದು, ಹಾಲು ಕರೆಯುವುದು ಯಾವುದು, ಗೊಡ್ಡು ಯಾವುದು ಎಂಬುದನ್ನು ಸರಿಯಾಗಿ ಹೇಳದಿದ್ದರೆ ಈ ಶ್ರಮವೆಲ್ಲವೂ ವ್ಯರ್ಥವೇ ಸರಿ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೌಷ್ಟಿಕತೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿಯೂ ರಾಸುಗಳ ಮೀಥೇನಿನ ವಿಷಯದಲ್ಲಿ ಸಂಶೋಧನೆಗಳು ನಡೆದಿರುತ್ತವೆ.

ಯೂರಿಯಾ.— 45 ಕಿಲೋಗ್ರಾಮಿನ ಒಂದು ಮೂಟೆಯಲ್ಲಿ ನೂರಕ್ಕೆ 46ರಂತೆ 20.7 ಕಿಲೋಗ್ರಾಂ ಸಾರಜನಕವಿರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡಾಗಿ ಹೋಗುವುದೆಂಬ ಸಾಮಾನ್ಯ ದರದಂತೆ ಆ ಅನಿಲವು ಸುಮಾರು 325 ಗ್ರಾಂ ಆಗುವುದು. ನೋಡುವುದಕ್ಕೆ ಅಲ್ಪವಾದರೂ ಇದು 86 ಕಿಲೋಗ್ರಾಂ ಇಂಗಾಲಾಮ್ಲವಾಯುವಿಗೆ ಸಮನಾದದ್ದು. ಪೈರು ಹೀರಿಕೊಳ್ಳಲಾರದಷ್ಟು ಗೊಬ್ಬರವನ್ನು ಒಂದೇ ಸಲ ಎರಚಿದರೆ ರೈತನ ಹಣವೇ ಹೀಗೆ ಗಾಳಿಯ ಪಾಲಾಗುವುದೆಂಬುದನ್ನೂ ಇಲ್ಲಿ ಗಮನಿಸಬೇಕು.

ದೇಶದ ಗೋಷ್ವಾರೆ

ಈ ರೀತಿ ಎಲ್ಲಾ ಕಸುಬುಗಳ ಲೆಕ್ಕವನ್ನೂ ಕೂಡಿಸಿ ದೇಶದ ಗೋಷ್ವಾರೆಯನ್ನು ಸಿದ್ಧಪಡಿಸುವುದು ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಮಂತ್ರಾಲಯದ ಜವಾಬ್ದಾರಿಯಾಗಿರುತ್ತದೆ. ಒಂದೊಂದು ಬಾಬನ್ನು ಅದರಲ್ಲಿ ನುರಿತ ಒಂದೊಂದು ಸಂಸ್ಥೆಗೆ ವಹಿಸುವರು. ಅರಣ್ಯ ಮತ್ತು ಭೂಮಿಯ ಬಳಕೆಯ ಲೆಕ್ಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕೆಲಸ ಮಾಡಿರುತ್ತಾರೆ. 1994ನೇ ಸಾಲಿನ ಲೆಕ್ಕವನ್ನೊಳಗೊಂಡ ಮೊದಲನೆಯ ವರದಿಯನ್ನು 2004ರಲ್ಲಿಯೂ, 2020ನೇ ಸಾಲಿನ ಲೆಕ್ಕವನ್ನೊಳಗೊಂಡ ವರದಿಯನ್ನು 2024ರ ಡಿಸೆಂಬರಿನಲ್ಲಿಯೂ ಒಪ್ಪಿಸಲಾಯಿತು.

2020ರ ಲೆಕ್ಕದ ಪ್ರಕಾರ ದೇಶದಿಂದ ಹೊರಬಿದ್ದ ಅನಿಲಗಳು ಇಂಗಾಲಾಮ್ಲವಾಯುವಿನ ಸಮಾನದಲ್ಲಿ 295.9 ಕೋಟಿ ಟನ್ನುಗಳು. ಅರಣ್ಯಗಳೂ ಭೂಮಿಯೂ ಹೀರಿಕೊಂಡದ್ದನ್ನು ಕಳೆದರೆ ಉಳಿದದ್ದು 243.7 ಕೋಟಿ ಟನ್ನುಗಳು. ಮೊದಲು ಹೇಳಿದ ಮೊತ್ತದಲ್ಲಿ ನೂರಕ್ಕೆ 75.66 ಪಾಲು ಇಂಧನಗಳದ್ದು, ವ್ಯವಸಾಯದ್ದು 13.72, ಕೈಗಾರಿಕೆಯ ಪ್ರಕ್ರಿಯೆಗಳದ್ದು 8.06, ಕಸ ಕೊಳಚೆಗಳದ್ದು 2.56. ಟ್ರಾಕ್ಟರಿನ ಡೀಸೆಲು ಮುಂತಾದವು ವ್ಯವಸಾಯದ ಬಾಬಿಗೆ ಸೇರದೆ ಇಂಧನದ ಬಾಬಿಗೆ ಸೇರುತ್ತವೆ. ವ್ಯವಸಾಯದ ಪಾಲು ಏಳನೆಯ ಒಂದು ಭಾಗಕ್ಕಿಂತಲೂ ಕಡಿಮೆಯೆಂದು ನಾವು ಧೈರ್ಯವಾಗಿ ಹೇಳುವುದಕ್ಕೆ ಆಧಾರವೇನು? 2019ರ ರಾಸುಗಣತಿಯಲ್ಲಿ 19 ಕೋಟಿ 25 ಲಕ್ಷ ದನಗಳೂ, ಸುಮಾರು 11 ಕೋಟಿ ಎಮ್ಮೆ ಕೋಣಗಳೂ ಮನೆಮನೆಗೆ ಹೋಗಿ ಎಣಿಸಲ್ಪಟ್ಟಿದ್ದವೆಂಬುದೇ ಆಧಾರ. 1919ರಿಂದ ನಡೆದುಬಂದಿರುವ ಈ ಗಣತಿಯಂಥ ಪುರಾತನ ದಾಖಲೆ ಇಲ್ಲದಿದ್ದರೆ ನಮ್ಮ ದನಗಳ ಲೆಕ್ಕವನ್ನೂ ಬೇರೆಯವರೇ ಬರೆಯುತ್ತಿದ್ದರು.

ಹವೆಯ ಅಂಕಿಗಳನ್ನು ಹಂಚಿಕೊಳ್ಳುವುದು

ಹೊರಬಿಟ್ಟದ್ದರ ಲೆಕ್ಕವು ಒಂದು ಕಡೆಯಾದರೆ, ಅದರ ಫಲವಾಗಿ ಹವೆಯು ಹೇಗೆ ಮಾರ್ಪಡುತ್ತಿದೆಯೆಂಬ ಲೆಕ್ಕವು ಮತ್ತೊಂದು ಕಡೆ. ಈ ಎರಡನೆಯ ಲೆಕ್ಕವನ್ನು ಯಾವ ದೇಶವೂ ಒಂಟಿಯಾಗಿ ಇಡಲಾರದು. ಮೋಡವು ಗಡಿಕಲ್ಲನ್ನು ನೋಡಿ ನಿಲ್ಲುವುದಿಲ್ಲ.

ಭಾರತದ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾಯಿತು. 1904ರಿಂದ 1924ರ ವರೆಗೆ ಅದರ ಮುಖ್ಯಾಧಿಕಾರಿಯಾಗಿದ್ದ ಸರ್ ಗಿಲ್ಬರ್ಟ್ ವಾಕರ್ ಅವರು ಮುಂಗಾರಿನ ಮುನ್ಸೂಚನೆಯನ್ನು ಕೊಡುವ ಮಾರ್ಗವನ್ನು ಹುಡುಕುತ್ತ, ನಮ್ಮ ದೇಶದ ಅಂಕಿಗಳಲ್ಲದೆ ದಕ್ಷಿಣ ಅಮೆರಿಕಾ, ಆಸ್ಟ್ರೇಲಿಯಾ ಮುಂತಾದ ದೂರದೇಶಗಳ ಗಾಳಿಯೊತ್ತಡದ ಅಂಕಿಗಳನ್ನೂ ತರಿಸಿ ವರ್ಷಗಟ್ಟಲೆ ತಾಳೆ ನೋಡಿದರು. ಪೆಸಿಫಿಕ್ ಸಾಗರದ ಕಡೆ ಒತ್ತಡವು ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವುದೂ, ಅಲ್ಲಿ ಇಳಿದಾಗ ಇಲ್ಲಿ ಏರುವುದೂ ತಕ್ಕಡಿಯ ತಟ್ಟೆಗಳಂತೆ ನಡೆಯುತ್ತದೆಂದೂ, ಅದಕ್ಕೂ ನಮ್ಮ ಮುಂಗಾರಿಗೂ ಸಂಬಂಧವಿದೆಯೆಂದೂ ಅವರು ಕಂಡುಹಿಡಿದರು. ಈಗ "ಎಲ್ ನಿನೋ" ವರ್ಷವೆಂದು ಪತ್ರಿಕೆಗಳಲ್ಲಿ ಓದುವ ವಿಷಯಕ್ಕೆ ಇದೇ ತಳಹದಿಯಾಯಿತು. ಎಲ್ಲಿಯೋ ಸಮುದ್ರದಾಚೆ ಒಬ್ಬ ಗುಮಾಸ್ತನು ದಿನವೂ ತಪ್ಪದೆ ಬರೆದಿಟ್ಟ ಅಂಕಿಯು ನಮ್ಮ ಖುಷ್ಕಿ ರೈತನಿಗೆ ಹೀಗೆ ಉಪಯೋಗವಾಯಿತು. ಹವೆಯ ಅಂಕಿಗಳನ್ನು ದೇಶದೇಶಗಳು ಪರಸ್ಪರ ಧಾರಾಳವಾಗಿ ಕೊಟ್ಟುಕೊಳ್ಳಬೇಕೆಂಬ ನಿರ್ಣಯವನ್ನು ವಿಶ್ವ ಹವಾಮಾನ ಸಂಸ್ಥೆಯು 1995ರಲ್ಲಿ ಮಾಡಿ, 2021ರಲ್ಲಿ ವಿಸ್ತರಿಸಿತು.

ನಮ್ಮ ಕರ್ನಾಟಕದಲ್ಲಿ 1988ರಲ್ಲಿ ಬರ ನಿರೀಕ್ಷಣೆಗಾಗಿ ಆರಂಭವಾದ ಶಾಖೆಯು ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದು ಗ್ರಾಮ ಪಂಚಾಯಿತಿಗಳಲ್ಲಿ 6,000ಕ್ಕೂ ಮೇಲ್ಪಟ್ಟ ಮಳೆಮಾಪಕ ಯಂತ್ರಗಳನ್ನು ನೆಟ್ಟಿದ್ದು, ಅವು ತಾವೇ ಮಳೆಯನ್ನು ಅಳೆದು ಕೇಂದ್ರಕ್ಕೆ ಕಳುಹಿಸುತ್ತವೆ. "ವರುಣ ಮಿತ್ರ" ಎಂಬ ದೂರವಾಣಿ ಸಹಾಯವಾಣಿಯ ಮೂಲಕ ರೈತರಿಗೆ ಮಳೆಯ ಮುನ್ಸೂಚನೆಯನ್ನು ತಿಳಿಸುವ ಏರ್ಪಾಟನ್ನೂ ಆ ಕೇಂದ್ರವು ಮಾಡಿತು. ತಾಲ್ಲೂಕನ್ನು ಬರಪೀಡಿತವೆಂದು ಘೋಷಿಸುವಾಗ ಮಳೆಯ ಕೊರತೆಯನ್ನು ನೋಡುವರು. ಹವೆಯನ್ನು ಆಧರಿಸಿದ ಬೆಳೆವಿಮೆಯಲ್ಲಿ ಪರಿಹಾರವು ಯಂತ್ರದ ಅಂಕಿಯನ್ನೇ ಅನುಸರಿಸುವುದು. ಇಂಥಾ ಯಂತ್ರದ ಮೇಲೆ ಮರದ ಕೊಂಬೆ ಬಾಗಿದ್ದರೆ, ಅದರ ಕಂಬಕ್ಕೆ ದನ ಕಟ್ಟಿದರೆ, ಮಕ್ಕಳು ಕಲ್ಲು ಹಾಕಿದರೆ ಕೆಡುವುದು ಸರ್ಕಾರದ ಸ್ವತ್ತು ಮಾತ್ರವಲ್ಲ. ಇಡೀ ಪಂಚಾಯಿತಿಯ ರೈತರ ಹಕ್ಕು.

ಕೆಲವು ಸಂದೇಹಗಳು

"ದನಗಳ ಸಂಖ್ಯೆಯನ್ನೂ ನೀರಿನ ವಿವರವನ್ನೂ ಬರೆಯಿಸಿದರೆ ನಾಳೆ ಅದರ ಮೇಲೆ ತೆರಿಗೆ ಬೀಳುವುದಲ್ಲವೆ?" ಎಂದು ಹಲವರು ಕೇಳುವುದುಂಟು. ದೇಶದ ಗೋಷ್ವಾರೆಯಲ್ಲಿ ಯಾವ ರೈತನ ಹೆಸರೂ, ಯಾವ ಸರ್ವೆ ನಂಬರೂ ಇರುವುದಿಲ್ಲ. ಮೊತ್ತಗಳು ಮಾತ್ರ ಇರುತ್ತವೆ. ಅದು ತೆರಿಗೆಯ ಪಟ್ಟಿಯೂ ಅಲ್ಲ. 2021ರಲ್ಲಿ ಗ್ಲಾಸ್ಗೋ ನಗರದಲ್ಲಿ ಮೀಥೇನನ್ನು ಕಡಿಮೆ ಮಾಡುವ ಪ್ರತಿಜ್ಞೆಗೆ ಅನೇಕ ದೇಶಗಳು ಸಹಿ ಹಾಕಿದಾಗ, ಗದ್ದೆ ಮತ್ತು ರಾಸುಗಳು ಬಡವರ ಜೀವನಾಧಾರವೆಂಬ ಕಾರಣದಿಂದ ಭಾರತವು ಅದಕ್ಕೆ ಸೇರಲಿಲ್ಲ. ಹಾಗೆ ದೃಢವಾಗಿ ನಿಲ್ಲುವುದಕ್ಕೆ ಸ್ವಂತ ಲೆಕ್ಕವೇ ಬಲವೆಂಬುದನ್ನು ಮರೆಯಬಾರದು.

"ನಮ್ಮದೊಂದು ಹಳ್ಳಿಯ ಅಂಕಿ ತಪ್ಪಾದರೆ ದೇಶದ ಲೆಕ್ಕಕ್ಕೆ ಏನಾದೀತು?" ಎಂಬುದು ಇನ್ನೊಂದು ಸಂದೇಹ. ಒಂದು ಹಳ್ಳಿಯಿಂದ ಏನೂ ಆಗದು, ನಿಜ. ಆದರೆ ತೆರಿಗೆಯ ಭಯದಿಂದ ಎಲ್ಲಾ ಹಳ್ಳಿಯವರೂ ರಾಸುಗಳನ್ನು ಕಡಿಮೆ ಹೇಳಿದರೆ, ಅಥವಾ ಪರಿಹಾರದ ಆಸೆಯಿಂದ ಎಲ್ಲರೂ ಹೆಚ್ಚು ಹೇಳಿದರೆ, ತಪ್ಪುಗಳು ಒಂದಕ್ಕೊಂದು ವಜಾ ಆಗದೆ ಒಂದೇ ಕಡೆಗೆ ಕೂಡಿಕೊಳ್ಳುತ್ತವೆ. ಮೇಲಾಗಿ ತಪ್ಪು ಬರಹದ ದಂಡವು ಮೊದಲು ಬೀಳುವುದು ದೇಶಕ್ಕಲ್ಲ, ಬರೆಯಿಸಿದವನಿಗೇ. ವಿಮೆ ಮಾಡಿಸಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ನಮೂದಾದ ಬೆಳೆಗೂ ತಾಳೆಯಾಗದೆ ಪರಿಹಾರದ ಹಣವು ಕೈಗೆ ಬಾರದಿರುವ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ಉಂಟು.

ಇನ್ನೊಂದು ವಿಷಯವನ್ನು ಜಮೀನುದಾರರು ವಿಶೇಷವಾಗಿ ಗಮನಿಸಬೇಕು. ವ್ಯವಸಾಯದಲ್ಲಿ ಅನಿಲವನ್ನು ಉಳಿತಾಯ ಮಾಡಿದವರಿಗೆ ಹಣ ದೊರೆಯುವ "ಕಾರ್ಬನ್ ಕ್ರೆಡಿಟ್" ಏರ್ಪಾಟಿಗೆ ಕೇಂದ್ರ ವ್ಯವಸಾಯ ಮಂತ್ರಾಲಯದವರು 2024ರ ಜನವರಿಯಲ್ಲಿ ಒಂದು ಚೌಕಟ್ಟನ್ನು ಪ್ರಕಟಿಸಿದರು. ಉಳಿತಾಯವೆಷ್ಟೆಂದು ಹೇಳಬೇಕಾದರೆ ಮೊದಲು ಎಷ್ಟಿತ್ತೆಂಬ ದಾಖಲೆ ಬೇಕು. ಅಂಥಾ ಕರಾರಿನ ಕಾಗದವನ್ನು ಹಿಡಿದು ಯಾರಾದರೂ ಬಂದಾಗ, ಮೊದಲೆಷ್ಟಿತ್ತೆಂಬುದನ್ನು ರೈತನ ಪುಸ್ತಕ ಹೇಳಬೇಕೇ ಹೊರತು ಬಂದವರ ಪುಸ್ತಕ ಹೇಳಬಾರದು.

ಗ್ರಾಮ ಮುಖಂಡರು ಮಾಡತಕ್ಕದ್ದೇನು?

ಹಿಂದಿನ ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳು 1961ರ ಕಾಯಿದೆಯಿಂದ ರದ್ದಾದಾಗ್ಯೂ, ಊರಿನ ಮುಖಂಡರ ಮಾತಿಗೆ ಇರುವ ತೂಕವು ರದ್ದಾಗಿಲ್ಲ. ಆದಕಾರಣ ಈ ಕೆಳಗಿನ ಅಂಶಗಳನ್ನು ಅವರು ಮನಸ್ಸಿಗೆ ತಂದುಕೊಳ್ಳತಕ್ಕದ್ದು:—

1. ರಾಸುಗಣತಿಗೆ ಬಂದವರ ಜೊತೆಯಲ್ಲಿ ಊರಿನ ತಿಳಿದವರೊಬ್ಬರನ್ನು ಕಳುಹಿಸಿ, ತಳಿ, ವಯಸ್ಸು, ಕರಾವು ಇವುಗಳನ್ನು ಇದ್ದದ್ದು ಇದ್ದಂತೆ ಬರೆಯಿಸುವುದು.

2. ಬೆಳೆ ಸಮೀಕ್ಷೆಯ ಕಾಲದಲ್ಲಿ ರೈತರು ತಮ್ಮ ಪಹಣಿಯ ಬೆಳೆ ಕಾಲಂ ಸರಿಯಾಗಿದೆಯೇ ಎಂದು ನೋಡಿಕೊಂಡು, ತಪ್ಪಿದ್ದರೆ ಅವಧಿಯೊಳಗೆ ಗ್ರಾಮ ಆಡಳಿತಾಧಿಕಾರಿಯವರ ಮುಂದೆ ಆಕ್ಷೇಪಣೆ ಸಲ್ಲಿಸುವಂತೆ ತಿಳಿಯಹೇಳುವುದು. ಮಿಶ್ರಬೆಳೆ, ಅಕ್ಕಡಿ ಸಾಲುಗಳನ್ನು ಬಿಡದೆ ನಮೂದು ಮಾಡಿಸುವುದು.

3. ಜಮೀನುದಾರರು ಒಂದು ಪುಸ್ತಕದಲ್ಲಿ ನಾಟಿ ಮತ್ತು ಕೊಯ್ಲಿನ ತಾರೀಖು, ಗದ್ದೆಯಲ್ಲಿ ನೀರು ನಿಂತ ದಿನಗಳು, ಒಣಗಿದ ದಿನಗಳು, ಹಾಕಿದ ಗೊಬ್ಬರದ ತೂಕ, ಕೂಳೆ ಹುಲ್ಲನ್ನು ಸುಟ್ಟರೋ ಉತ್ತರೋ ಎಂಬುದು, ಇಷ್ಟನ್ನು ಬರೆದಿಡುವುದು. ಬೆಳೆಗೆ ಒಂದು ಪುಟ ಸಾಕು.

4. ಗೊಬ್ಬರವನ್ನು ಕೊಂಡವನ ಹೆಸರಿನಲ್ಲಿಯೇ ಅಂಗಡಿಯ ಯಂತ್ರದಲ್ಲಿ ದಾಖಲೆ ಮಾಡಿಸುವುದು.

5. ಮಳೆಮಾಪಕದ ಸುತ್ತ ಮರ ಗೋಡೆಗಳ ಎತ್ತರದ ಎರಡರಷ್ಟು ದೂರದವರೆಗಾದರೂ ಬಯಲಾಗಿರುವಂತೆ ನೋಡಿಕೊಳ್ಳುವುದು. ಯಂತ್ರವು ಕೆಟ್ಟಿರುವಂತೆ ಕಂಡರೆ ಪಂಚಾಯಿತಿಗೆ ಕೂಡಲೆ ಬರೆದು ತಿಳಿಸುವುದು.

6. ಕೊಟ್ಟ ಅಂಕಿಗಳು ಊರಿಗೆ ಹಿಂದಿರುಗಿ ಬರಬೇಕು. ತಾಲ್ಲೂಕಿನ ಮಳೆ, ಬೆಳೆ, ರಾಸುಗಳ ಮೊತ್ತವನ್ನು ಗ್ರಾಮಸಭೆಯಲ್ಲಿ ಓದಿಸುವಂತೆ ಕೇಳುವುದು. ಕೇಳುವವರಿದ್ದರೆ ಬರೆಯುವವರೂ ಎಚ್ಚರದಿಂದ ಬರೆಯುವರು.

ಇವುಗಳಲ್ಲಿ ಯಾವುದಕ್ಕೂ ಹಣದ ವೆಚ್ಚವಿಲ್ಲ. ಬೇಕಾದದ್ದು ಸತ್ಯವಾಗಿ ಹೇಳುವ ಅಭ್ಯಾಸವೂ, ಬರೆದಿಡುವ ಸ್ವಲ್ಪ ಶ್ರಮವೂ ಮಾತ್ರ. 1991ರಲ್ಲಿ ವಿಜ್ಞಾನಿಗಳು ಗದ್ದೆಗೆ ಇಳಿದು ಅಳೆದುದರಿಂದ ನಮ್ಮ ರೈತರ ಮೇಲಿನ ತಪ್ಪು ಹೊರೆಯು ಇಳಿಯಿತು. ಆದರೆ ದರವನ್ನು ಅವರು ಅಳೆದುಕೊಟ್ಟಾರೇ ಹೊರತು ಎಕರೆಯನ್ನೂ ರಾಸನ್ನೂ ಪ್ರತಿವರ್ಷವೂ ಎಣಿಸಿಕೊಡಲಾರರು. ಆ ಭಾಗವು ಗ್ರಾಮದವರದ್ದೇ ಆಗಿರುವುದರಿಂದ, ಮುಂದಿನ ಗಣತಿ ಸಮೀಕ್ಷೆಗಳಲ್ಲಿ ಮುಖಂಡರೂ ಜಮೀನುದಾರರೂ ತಮ್ಮ ಗ್ರಾಮದ ಅಂಕಿಗಳಿಗೆ ತಾವೇ ಹೊಣೆಯೆಂದು ಭಾವಿಸಿ ನಡೆದುಕೊಳ್ಳಬೇಕಾಗಿ ಪ್ರಾರ್ಥಿಸಲಾಗಿದೆ.